ಕಾಗದದ ಬಾಗಿಲಿನ ಆಚೆಯ ಮಾತು

ಬಂಧುಗಳೇ, ಜಪಾನ್ ದೇಶದ ಒಂದು ಸೀಮೆಯಲ್ಲಿ ಒಬ್ಬ ದೊರೆ ಇದ್ದ. ನಮ್ಮ ಪಾಳೆಯಗಾರರ ಹಾಗೆ ಅವನಿಗೂ ಕೋಟೆ ಇತ್ತು, ಖಡ್ಗ ಹಿಡಿದ ಪರಿವಾರವಿತ್ತು. ಒಂದು ದಿನ ರಾಜಧಾನಿಯಿಂದ ಆಜ್ಞೆ ಬಂತು: ಇನ್ನು ಪಾಳೆಯಪಟ್ಟುಗಳಿಲ್ಲ, ದೊರೆಗಳು ರಾಜಧಾನಿಗೆ ಬಂದು ನೆಲೆಸತಕ್ಕದ್ದು. ಕೋಟೆಯ ತೊಲೆಗಳನ್ನು ಮರದ ವ್ಯಾಪಾರಿ ಕಿತ್ತುಕೊಂಡು ಹೋದ. ಖಡ್ಗ ಹಿಡಿದವರಲ್ಲಿ ಒಬ್ಬ ಛತ್ರಿ ಮಾಡಲು ಕುಳಿತ, ಇನ್ನೊಬ್ಬ ರಿಕ್ಷಾ ಎಳೆದ. ದೊರೆ ತನ್ನ ಹೆಂಡತಿ, ಒಬ್ಬನೇ ಮಗ ಮತ್ತು ಮುದಿ ಊಳಿಗದವನೊಬ್ಬನೊಂದಿಗೆ ರಾಜಧಾನಿಯ ಸಣ್ಣ ಮನೆಗೆ ಬಂದ.

ಎಲ್ಲವೂ ಹೋಯಿತು. ಆದರೆ ನೋಡಿ, ಒಂದು ಮಾತ್ರ ಹೋಗಲಿಲ್ಲ. ದೊರೆಯೊಂದಿಗೆ ಯಾರೂ ನೇರವಾಗಿ ಮಾತನಾಡಕೂಡದು ಎಂಬ ಪದ್ಧತಿ ಕೋಟೆಯಲ್ಲಿತ್ತು. ಹೇಳುವುದನ್ನು ಊಳಿಗದವನಿಗೆ ಹೇಳಬೇಕು. ಅವನು ಒಳಹೋಗಿ, ಮಾತಿನ ಕಹಿ ತೆಗೆದು, ಒಪ್ಪವಾಗಿ ಅರಿಕೆ ಮಾಡಬೇಕು. ಅರಿಕೆಯಾದದ್ದಷ್ಟೇ ದೊರೆಗೆ ಕೇಳಿಸಿದ ಮಾತು. ಉಳಿದದ್ದು ಕಿವಿಗೆ ಬಿದ್ದರೂ ಕೇಳಿಸಿದ್ದಲ್ಲ. ಕೋಟೆಯಲ್ಲಾದರೆ ನಡುವೆ ಹಜಾರಗಳಿದ್ದವು. ಇಲ್ಲಿ ಇದ್ದದ್ದು ಕಾಗದ ಅಂಟಿಸಿದ ಒಂದು ಜಾರುಬಾಗಿಲು. ಆಚೆ ಕೆಮ್ಮಿದರೆ ಈಚೆ ಕೇಳುತ್ತದೆ. ಆದರೂ ಹೆಂಡತಿ ಊಟಕ್ಕೆ ಕರೆಯುವುದೂ ಮುದುಕನ ಮೂಲಕವೇ.

“ಸಾರು ಆರ್ತಾ ಇದೆ ಅಂತ ಅರಿಕೆ ಮಾಡಪ್ಪ. ಅಪ್ಪಣೆ ಆಗೋ ಹೊತ್ತಿಗೆ ಇನ್ನೊಂದು ಸಲ ಕಾಯಿಸಿರ್ತೀನಿ” ಎನ್ನುತ್ತಿದ್ದಳು ಆಕೆ.

ಹೀಗಿರುವಾಗ ಹಳೆಯ ಪರಿವಾರದ ಕೆಲವರು ಸರ್ಕಾರದ ಮೇಲೆ ದಂಗೆ ಏಳಲು ಹೊರಟರು. ಮುಂದೆ ನಿಲ್ಲಿಸಿಕೊಳ್ಳಲು ಅವರಿಗೊಬ್ಬ ದೊರೆಮಗ ಬೇಕಿತ್ತು. ಈ ದೊರೆಯ ಮಗನ ಬಳಿ ಬಂದು, ತಂದೆಯ ಮಾನ ಕಾಯಲು ಪ್ರಾಣಭಯವೇ ಎಂದು ಚುಚ್ಚಿದರು. ಅವನಿಗೆ ಹೋಗುವ ಮನಸ್ಸಿರಲಿಲ್ಲ; ಇಲ್ಲವೆನ್ನುವ ಧೈರ್ಯವೂ ಇರಲಿಲ್ಲ. ತಂದೆಯೇ ಬೇಡವೆಂದರೆ ಯಾರೂ ಅವನನ್ನು ಹೇಡಿ ಎನ್ನುವಂತಿರಲಿಲ್ಲ. ಅವನು ಆ ಬಾಗಿಲ ಮುಂದೆ ಮಂಡಿಯೂರಿ ಕುಳಿತು, ಒಳಗೆ ಕೇಳಲೆಂದೇ ದನಿ ಎತ್ತಿ ಮುದುಕನಿಗೆ ಹೇಳಿದ:

“ತಾತ, ಹೀಗೇ ಹೇಳು. ಈ ದಂಗೆ ಗೆಲ್ಲಲ್ಲ. ಹೋದರೆ ನಾನು ಸಾಯ್ತೀನಿ. ಅಪ್ಪ ಒಂದು ಸಲ ಬೇಡ ಅಂದರೆ ಸಾಕು, ಹೋಗಲ್ಲ.”

ಮುದುಕ ಒಳಗೆ ಹೋದ. ತಲೆ ನೆಲಕ್ಕೆ ತಾಗಿಸಿದ. “ಪ್ರಭು, ಕುಮಾರರು ಹಳೆಯ ಪರಿವಾರವನ್ನು ಕಂಡು ಬರಲು ಅಪ್ಪಣೆ ಬೇಡುತ್ತಿದ್ದಾರೆ.”

ಮಗನ ಒಂದೊಂದು ಮಾತೂ ದೊರೆಯ ಕಿವಿಗೆ ಬಿದ್ದಿತ್ತು. ಮುದುಕ ಇನ್ನೊಂದು ಮಾತು ಸೇರಿಸಲಿ ಎಂದು ಕಾದ. ಮುದುಕ ತಲೆ ಎತ್ತಲಿಲ್ಲ. ಜೀವಮಾನವೆಲ್ಲ ಕಹಿ ತೆಗೆದೇ ಬದುಕಿದವನು ಇನ್ನೇನು ತಾನೇ ಸೇರಿಸಿಯಾನು? ಅರಿಕೆಯಾದ ಮಾತಿಗೆ ದೊರೆ ಉತ್ತರ ಕೊಡಬೇಕಾಯಿತು.

“ಹೋಗಿ ಬರಲಿ.”

ಮಗ ಹೋದ. ದಂಗೆ ಅಡಗಿತು. ಅವನನ್ನು ಹಿಡಿದು ತಲೆ ಕಡಿದರು. ಸುದ್ದಿ ಬಂದಾಗ ಮುದುಕ ಒಳಹೋಗಿ, ಕುಮಾರರು ಬರುವುದು ತಡವಾಗುತ್ತದೆ ಎಂದು ಅರಿಕೆ ಮಾಡಿದ. ತಾಯಿ ಎದ್ದಳು. ಬಾಗಿಲನ್ನು ಎಳೆದು ಗಂಡನ ಎದುರಿಗೆ ನಿಂತಳು.

“ಮಗ ಸತ್ತ. ಅವತ್ತು ಅವನು ಹೇಳಿದ್ದು ನಿಮಗೆ ಕೇಳಿಸಿತ್ತೋ, ಇಲ್ಲವೋ?”

“ಕೇಳಿಸಿತ್ತು,” ಎಂದ ದೊರೆ.

ಎಂಥ ಕ್ರೂರಿ ಎನ್ನುತ್ತಿದೆಯಲ್ಲವೇ ನಿಮ್ಮ ಮನಸ್ಸು? ತಾಳಿ. ನಿಮ್ಮ ಮನೆಯಲ್ಲಿ ಮಗಳು ಅಡುಗೆಮನೆಗೆ ಹೋಗಿ, “ಅಮ್ಮಾ, ಅಪ್ಪಂಗೆ ನೀನೇ ಹೇಳು” ಎಂದು ಪಿಸುಗುಟ್ಟುವುದಿಲ್ಲವೇ? ಹಜಾರದಲ್ಲಿ ಪತ್ರಿಕೆ ಹಿಡಿದ ತಂದೆಗೆ ಅದು ಕೇಳಿಸುವುದಿಲ್ಲವೇ? ಕೇಳಿಸುತ್ತದೆ. ಕೇಳಿಸಿಯೂ ಹಾಳೆ ತಿರುವುತ್ತಾನೆ. ಇದನ್ನು ಗಾಂಭೀರ್ಯವೆನ್ನುತ್ತೀರಿ. ನಾನು ಹೇಡಿತನವೆನ್ನುತ್ತೇನೆ. ಯಾವ ಪಾಳೆಯಪಟ್ಟು ಉಳಿದಿದೆ ಸ್ವಾಮಿ ನಿಮಗೆ?

ತಾಯಂದಿರೇ, ಮಕ್ಕಳ ಸಂಕಟವನ್ನು ನಯಗೊಳಿಸಿ ಒಯ್ಯುವ ಊಳಿಗವನ್ನು ಇಂದೇ ಬಿಡಿ. ತಂದೆಯಂದಿರೇ, ಮನೆಗೆ ಹೋದೊಡನೆ ಮಗುವನ್ನು ಹತ್ತಿರ ಕೂರಿಸಿಕೊಳ್ಳಿ. ಪರೀಕ್ಷೆಯಲ್ಲಿ ಸೋತಿದ್ದೇನೆ ಎನ್ನಲಿ, ಗಂಡನ ಮನೆಗೆ ತಿರುಗಿ ಹೋಗಲಾರೆ ಎನ್ನಲಿ, ಮಗು ಹೇಳಿ ಮುಗಿಸುವ ತನಕ ನಡುವೆ ಬಾಯಿ ಹಾಕಬೇಡಿ. ಆಮೇಲೆ, ಒಪ್ಪಿಗೆಯಾದರೆ ಒಪ್ಪಿಗೆ ಎನ್ನಿ. ಬೇಡವಾದರೆ ಅದರ ಮುಖ ನೋಡಿ, ನಿಮ್ಮ ಬಾಯಿಂದಲೇ ಬೇಡ ಎನ್ನಿ.