ಬಾಣಂತಿ ಕೋಣೆಯ ನಾಲ್ಕನೇ ಗೋಡೆ

ಹತ್ತಿರ ಬನ್ರಪ್ಪಾ, ಮಕ್ಕಳನ್ನ ಮಡಿಲಿಗೆ ಹಾಕ್ಕೊಳ್ರಮ್ಮಾ. ಒಂದಾನೊಂದು ಸೀಮೆ. ಹೆಸರು ಕೇಳಬೇಡಿ, ಹೇಳಿದ್ರೆ ನೀವು ಆ ಕಡೆ ದನ ಹೊಡೆಯೋದೇ ಬಿಟ್ಟೀರಿ!

ಆ ಸೀಮೇಲಿ ಒಂದು ಹುಲಿ. ಎಂಥಾ ಹುಲಿ ಅಂತೀರಿ? ನಡುಮಧ್ಯಾಹ್ನ, ಗಂಡಸರು ಹೊಲಕ್ಕೆ ಹೋದಾಗ ಬರೋ ಹುಲಿ. ಬಾಗಿಲಿಗೆ ಹೋಗೋದೇ ಇಲ್ಲ, ಮಣ್ಣಿನ ಗೋಡೆ ಕೆರೀತದೆ. ಗೋಡೆ ಪುಡಿಪುಡಿ ಉದುರ್ತದೆ. ಒಳಗೆ ಹಸುಗೂಸು ಇದ್ರೆ ಮುಗೀತು. ಹಿಂಗೇ ಎರಡು ಮನೆ ತೊಟ್ಟಿಲು ಬರಿದಾಗಿದ್ವು.

ಅಲ್ಲಿ ಮಾಯಕ್ಕ ಅನ್ನೋ ಸೊಸೆ ತುಂಬು ಬಸುರಿ. ಅವಳ ಅತ್ತೆ ಚೆನ್ನಾಜಮ್ಮ, ಬಾಯಿ ಬಲು ಜೋರು. ಬಾಣಂತಿಗೆ ಹೊಸ ಕೋಣೆ ಕಟ್ಟೋದು ಅಲ್ಲಿನ ಪದ್ಧತಿ. ಅದಕ್ಕೆ ಮಣ್ಣನ್ನ ಹಿಟ್ಟಿನ ಹಾಗೆ ಜರಡಿ ಹಿಡೀಬೇಕು, ಒಂದು ಕಡ್ಡಿ ಸಿಕ್ಕಿದ್ರೂ ಆರಿಸಿ ಎಸೀಬೇಕು.

"ಅತ್ತೆಮ್ಮಾ, ಗೊನೆ ಕಡಿದ ಮೇಲೆ ಬಾಳೆದಿಂಡು ತಿಪ್ಪೆಗೆ ಬಿಸಾಕ್ತೀವಲ್ಲ, ಅದರ ನಾರು ಮಣ್ಣಿಗೆ ಕಲಸೋಣ. ಗೋಡೆ ಬಿರುಕು ಬಿಟ್ರೂ ನಾರು ಹಿಡ್ಕೊಳ್ತದೆ," ಅಂದ್ಲು ಮಾಯಕ್ಕ.

"ತಿಪ್ಪೆ ಕಸದಲ್ಲಿ ಬಾಣಂತಿ ಕೋಣೆನಾ? ಊರು ನಗಲ್ವೇನೇ?"

ಸೊಸೆ ಅತ್ಲು, ಕಾಲು ಹಿಡಿದ್ಲು, ಅನ್ನ ಬಿಟ್ಲು. ಕಡೆಗೆ ಅತ್ತೆ ಮೂರು ಗೋಡೆಗೆ ಒಪ್ಪಿದ್ಲು.

"ನಾಲ್ಕನೇದು ದೇವರ ದೀಪ ಇಡೋ ಗೋಡೆ. ಅದಕ್ಕೆ ಜರಡಿ ಮಣ್ಣೇ. ಇನ್ನು ಬಾಯಿ ಬಿಟ್ರೆ ನೋಡು!"

ಕೋಣೆ ಎದ್ದಿತು. ಹೆಣ್ಣು ಕೂಸು ಹುಟ್ಟಿತು. ಒಂದು ಮಧ್ಯಾಹ್ನ ಅತ್ತೆ, ಸೊಸೆ, ಕೂಸು ಮೂವರೇ ಕೋಣೆಯೊಳಗಿದ್ದಾಗ ಹುಲಿ ಬಂತು.

ಕೇಳ್ರಪ್ಪಾ, ಕೆಮ್ಮಬೇಡಿ. ಮೊದಲನೇ ಗೋಡೆ ಕೆರೀತು, ಪರ್ ಪರ್ ಪರ್. ಬಿರುಕು ಬಿಡ್ತು, ಬೀಳಲಿಲ್ಲ. ಎರಡನೇ ಗೋಡೆ ಕೆರೀತು, ಪರ್ ಪರ್ ಪರ್. ಬೀಳಲಿಲ್ಲ. ಮೂರನೇದೂ ಕೆರೀತು, ಅದೂ ಬೀಳಲಿಲ್ಲ. ಆಮೇಲೆ ಸದ್ದು ನಿಂತಿತು. ಹೋಯ್ತಾ? ಎಲ್ಲಿ ಹೋಗ್ತದೆ! ದೀಪದ ಗೋಡೆಯಾಚೆ ಮೂಸ್ತಾ ನಿಂತಿತ್ತು.

ಮಾಯಕ್ಕ ಮೂಲೆಗೆ ಸರಿದ್ಲು. ಕೂಸನ್ನ ಎದೆಗೆ ಒತ್ಕೊಂಡು, "ಅಯ್ಯೋ ಅತ್ತೆಮ್ಮಾ, ನಮ್ಮ ಕೂಸು ಹೋಯ್ತು" ಅಂದ್ಲು. ಪರ್ ಪರ್ ಪರ್. ಮಣ್ಣು ದಬದಬ ಉದುರಿತು. ದೀಪ ಬಿತ್ತು. ಒಂದು ಪಂಜ ಒಳಕ್ಕೆ ಬಂತು, ಬಂದು ಅಲ್ಲೇ ಸಿಕ್ಕಾಕ್ಕೊಂಡ್ತು! ಗೋಡೆಯೊಳಗೆಲ್ಲಾ ಬಾಳೆ ನಾರು. ಹುಲಿ ಜಗ್ಗಿತು, ಅರಚಿತು, ಉಗುರು ಕಿತ್ಕೊಂಡು ಕಾಡಿಗೆ ಓಡಿತು.

ಮಾಯಕ್ಕ ಅತ್ತೆ ಮುಖ ನೋಡಿದ್ಲು. ಆಯಮ್ಮ ಬಿದ್ದ ದೀಪ ಎತ್ತಿಟ್ಲು.

"ಏನ್ ನೋಡ್ತೀಯೇ? ನೀನು ಮಲಗಿದ್ದಾಗ ನಾನೇ ಕಲಸಿದೆ. ನನಗೂ ಭಯ ಇರಲ್ವಾ? ದೇವರಿಗೆ ತಪ್ಪುಕಾಣಿಕೆ ಹಾಕ್ತೀನಿ, ಊರು ನಕ್ಕರೆ ನಗಲಿ. ಮೊಮ್ಮಗಳು ಹೋಗಿದ್ರೆ ಯಾರು ತಂದುಕೊಡ್ತಿದ್ರು? ಕೂಸನ್ನ ಇತ್ತ ಕೊಡು."

ಅವರು ಅಲ್ಲಿ ಬದುಕ್ಕೊಂಡ್ರು, ನಾವು ಇಲ್ಲಿ ಕುಂತಿದ್ದೀವಿ. ನನ್ನ ಕಥೆಗೆ ಅಗುಳಿ ಹಾಕಿದೆ, ನೀವೂ ನಿಮ್ಮ ಮನೆಗೆ ಹಾಕ್ಕೊಳ್ಳಿ.