ಪಾರ್ಟಿ ಬಿಡದ ಸೋದರಮಾವ

2004ರ ಚುನಾವಣೆ. ಗುಬ್ಬಿಯ ಶಾಲೆಯೊಂದರಲ್ಲಿ ಓಟಿನ ಸಾಲು. ನನ್ನ ಮುಂದೆ ಚಿಕ್ಕಬೀರಯ್ಯ ನಿಂತಿದ್ದರು. ಓಟು ಹಾಕಿ ಹೊರಬಂದ ಅವರ ತಂಗಿಯ ಮಗ ದಯಾನಂದ ಮನೆಗೆ ಹೋಗದೆ ಅವರ ಪಕ್ಕಕ್ಕೇ ಬಂದು ನಿಂತ.

“ಯಾರಿಗೆ ಹಾಕ್ತೀಯ ಮಾವ?”

“ಗೊತ್ತಿದ್ದೂ ಕೇಳ್ತೀಯಲ್ಲ. ನಮ್ಮನೆ ಓಟು ನಮ್ ಪಾರ್ಟಿಗೇ.”

“ಈ ಸಲ ನಿಮ್ ಪಾರ್ಟಿಯಿಂದ ನಿಂತಿರೋನು ಯಾರು? ಹೋದ್ಸಲ ಎದುರು ಪಾರ್ಟೀಲಿದ್ದು ನಿನ್ ತಲೆ ಒಡೆಸ್ದೋನು.”

“ಅವ್ನಿಗೇ ಟಿಕೆಟ್ ಕೊಟ್ರೆ ನಾನೇನ್ಲಾ ಮಾಡ್ಲಿ?”

“ಇನ್ನೊಬ್ಬನಿಗೆ ಹಾಕು.”

“ಕೆರೆ ನುಂಗ್ದೋನಿಗಾ? ನೀನೇನ್ ಖುಷಿಯಿಂದ ಹಾಕ್ಬಂದ್ಯಾ?”

“ಇಲ್ಲ. ಹಲ್ಲು ಕಚ್ಕಂಡು ಹಾಕ್ದೆ.”

ಸಾಲು ಸರಿಯಿತು. ದಯಾನಂದನೂ ಜೊತೆಗೇ ಸರಿದ.

“ಹೋದ್ಸಲ ನಾವು ನಿನ್ ತಲೆ ಒಡೆಸ್ದ ಈ ಮನುಷ್ಯನಿಗೆ ಓಟು ಹಾಕುದ್ವಿ ಅಂತ ತ್ರಿವೇಣಿ ಮದ್ವೆಗೇ ಬರ್ಲಿಲ್ಲ ನೀನು. ಸೋದರಮಾವ ಇದ್ದೂ ನನ್ ತಂಗೀನ ಹಸೆಮಣೆಗೆ ಯಾರೋ ಕರ್ಕಂಡ್ ಬಂದ್ರು.”

“ಸುಮ್ಕಿರ್ಲಾ, ಜನ ಅವ್ರೆ.”

“ಇವತ್ತು ನೀನೇ ಅವ್ನಿಗೆ ಹಾಕ್ತೀಯಾ?”

ಚಿಕ್ಕಬೀರಯ್ಯ ಒಳಗೆ ಹೋದರು. ಹೊರಬಂದಾಗ ಬೆರಳಿನ ಶಾಯಿಯನ್ನು ಪಂಚೆಗೆ ಉಜ್ಜುತ್ತಿದ್ದರು.

“ಪಾರ್ಟಿಗೆ ಹಾಕ್ದೆ,” ಎಂದರು.

ಗೇಟಿನವರೆಗೆ ಹೋದವರು ಅಲ್ಲಿಂದಲೇ ತಿರುಗಿದರು.

“ತ್ರಿವೇಣಿಗೆ ಹೇಳ್ಬ್ಯಾಡ ಕಣ್ಲಾ.”