ಆಟದೊಳಗಿನ ಅಣ್ಣ

೨೦೦೬ರ ಒಂದು ಬೆಳಿಗ್ಗೆ ಗೋಕಾಕದಿಂದ ಅರಭಾವಿಗೆ ಹೊರಟ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಕಾಲೇಜಿನ ಇಬ್ಬರು ಗೆಳೆಯರು ಬಂದು ಕೂತರು, ನಿತಿನ ಮತ್ತು ಪ್ರಭು. ನಿತಿನ ತನ್ನ ಮನೆಯ ಕಂಪ್ಯೂಟರಿನ ಮಾತು ತೆಗೆದ.

“ಆಟದಾಗಿನ ಮನಷ್ಯಾಗ ವರ್ಧಮಾನಣ್ಣನ ಮಾರಿ ಹಚ್ಚೇನಿ. ಫೋಟೋ ಸ್ಕ್ಯಾನ್ ಮಾಡಿ ಮಾರಿ ಚಿತ್ರ ಇರೂ ಸ್ಕಿನ್ ಫೈಲ್ ಬದಲ ಮಾಡಿದೆ.”

“ಸತ್ತಾಂವನ ಮಾರಿ ಯಾಕ ಹಚ್ಚಿದ್ಯೋ?”

“ಅಣ್ಣ ಅಡ್ಡಾಡೂದ ನೋಡಬೇಕ ಅನಿಸ್ತು.”

“ನಿಮ್ಮವ್ವ ನೋಡಿದ್ಲೇನ?”

“ನೋಡಿದ್ಲು. ಅಳಲಿಲ್ಲ. ಬಾಜೂಕ ಕುಂತು, ‘ಅವನ್ನ ರಸ್ತೇಕ ಒಯ್ಯಬ್ಯಾಡೋ, ಲಾರಿ ಬರ್ತಾವ’ ಅಂದ್ಲು.”

ಪ್ರಭು ಅವನ ಕಡೆ ತಿರುಗಿದ.

“ಅಣ್ಣ ಸತ್ತಿದ್ದೂ ಲಾರಿ ಹಾಯ್ದ ಅಲ್ಲೇನೋ.”

“ಹೂಂ. ಅದಕ ಈಗ ಆಡೂದಿಲ್ಲ. ಒಂದ ಗಿಡದ ಬುಡಕ ನಿಂದ್ರಿಸಿ ಬಿಟ್ಟೇನಿ. ನಿಂತಲ್ಲೇ ಉಸರಾಡ್ತಾನ.”

“ತಗದಬಿಡಲೇ. ಹಳೇ ಫೈಲ್ ಐತಲ್ಲ?”

“ನಿನ್ನೆ ತಗದಿದ್ದೆ. ‘ಎಲ್ಲಿ ಕಳಿಸಿದಿ ಅವನ್ನ?’ ಅಂತ ಅವ್ವ ಬಾಗಲಕ ಹೋಗಿ ದಾರಿ ನೋಡ್ಕೋತ ನಿಂತ್ಲು. ಮತ್ತ ಹಾಕಿದೆ.”

ಅರಭಾವಿ ಬಂತು. ಇಬ್ಬರೂ ಎದ್ದರು.

“ಈಗರೆ ಕಂಪ್ಯೂಟರ ಬಂದ್ ಮಾಡಿ ಬಂದಿಯಿಲ್ಲೋ?”

“ಇಲ್ಲ. ಅವ್ವ ಅವನ ಕೂಡ ಮಾತಾಡಾಕತ್ತಿದ್ಲು,” ಎನ್ನುತ್ತ ನಿತಿನ ಇಳಿದ.